ಇನ್ನೂರು ಗಜದಾಚೆಯ ಅಳಿಲಿಗೆ ಎಷ್ಟು ದುಡ್ಡಿನ ಕೋವಿ?

ಫೆಬ್ರುವರಿ ಕಳೆಯುವ ಹೊತ್ತಿಗೆ ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯ ದಕ್ಷಿಣದ ಬಯಲಿನಲ್ಲಿ ನೆಲ ಅಳಿಲುಗಳು ಬಿಲದಿಂದ ಮೇಲೆ ಬರುತ್ತವೆ. ಬಾಲ ಗಿಡ್ಡ, ಮೈ ದಪ್ಪ, ಮರ ಹತ್ತುವ ಗೊಡವೆಯಿಲ್ಲ. ಅಪಾಯ ಕಂಡರೆ ಹಿಂಗಾಲಿನ ಮೇಲೆ ನೆಟ್ಟಗೆ ನಿಂತು ಸಿಳ್ಳೆ ಹಾಕುವುದರಿಂದ ಐಡಹೊದವರು ಇದನ್ನು ‘ವಿಸಲ್ ಪಿಗ್’ ಎನ್ನುತ್ತಾರೆ. ಜೂನ್ ಕೊನೆ, ಹೆಚ್ಚೆಂದರೆ ಜುಲೈ ಮೊದಲ ವಾರದೊಳಗೆ ಎಲ್ಲವೂ ಮತ್ತೆ ಬಿಲ ಸೇರಿ ಮುಂದಿನ ಚಳಿಗಾಲದ ತುದಿಯವರೆಗೆ ಮಲಗಿಬಿಡುತ್ತವೆ. ಎಚ್ಚರವಿರುವ ಆ ಕೆಲವೇ ತಿಂಗಳಲ್ಲಿ ತಿನ್ನುವುದು, ಮರಿ ಹಾಕುವುದು, ಕೊಬ್ಬು ಕೂಡಿಸುವುದು ಎಲ್ಲ ಮುಗಿಯಬೇಕು. ಅದಕ್ಕೆ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪಿನ ಹೊಲಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗುವುದಿಲ್ಲ.

ನನ್ನ ಸಹೋದ್ಯೋಗಿಯೊಬ್ಬರ ಮಾವನವರಿಗೆ ಸ್ನೇಕ್ ನದಿಯ ಆಚೆ, ಓವೈಹಿ ಕೌಂಟಿಯಲ್ಲಿ ಅಂಥ ಹೊಲವಿದೆ. ಅಳಿಲು ತಿನ್ನುವ ಸೊಪ್ಪಿಗಿಂತ ಅದು ತೋಡಿ ಎತ್ತಿ ಹಾಕುವ ಮಣ್ಣಿನ ಗುಡ್ಡೆ ಅವರಿಗೆ ದೊಡ್ಡ ತಲೆನೋವು. ಮೇವು ಕೊಯ್ಯುವ ಯಂತ್ರದ ಅಲಗು ಗುಡ್ಡೆಗೆ ತಾಗಿ ಮೊಂಡಾಗುತ್ತದೆ. ಕಾಲುವೆಯ ಏರಿಯಲ್ಲಿ ಬಿಲ ಬಿದ್ದರೆ ದುಡ್ಡು ಕೊಟ್ಟು ತರಿಸಿದ ನೀರು ಪಕ್ಕದ ಬೀಳಿಗೆ ಹರಿಯುತ್ತದೆ. ಮನೆಯಲ್ಲಿ ನಾಯಿಗಳಿರುವುದರಿಂದ ವಿಷದ ಕಾಳು ಹಾಕಲು ಅವರಿಗೆ ಮನಸ್ಸಿಲ್ಲ. “ವಸಂತದಲ್ಲಿ ಬಂದು ಹೊಡೆದುಕೊಡಿ. ಗೇಟು ಮಾತ್ರ ಮುಚ್ಚಿ ಹೋಗಿ” ಎಂದರು. ಒಪ್ಪಿಕೊಂಡೆ. ಕೈಯಲ್ಲಿ ಕೋವಿ ಇರಲಿಲ್ಲ.

ಕೋವಿ ನನಗೆ ಹೊಸದಲ್ಲ. ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸನ್ಸಿನ ಜೋಡುನಳಿಗೆ ಕೋವಿಯೊಂದು ಈಗಲೂ ಇದೆ. ಚುನಾವಣೆ ಘೋಷಣೆಯಾದಾಗಲೆಲ್ಲ ಅಪ್ಪಯ್ಯ ಅದನ್ನು ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರುತ್ತಾರೆ. ಫಲಿತಾಂಶ ಬಂದು ಕೋವಿ ಮನೆಗೆ ಮರಳುವವರೆಗೆ ತೋಟ ಹಂದಿ, ಮಂಗಗಳ ಸುಪರ್ದಿಯಲ್ಲಿರುತ್ತದೆ. ಆದರೆ ಆ ಕೋವಿಯ ಅನುಭವ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಚರೆ ತುಂಬಿದ ತೋಟೆಯ ಕೋವಿ ಮೂವತ್ತು ನಲವತ್ತು ಗಜದ ಆಯುಧ. ಇಲ್ಲಿ ಇನ್ನೂರು ಗಜದಾಚೆ, ಎರಡು ಇಂಚು ಅಗಲದ ಪ್ರಾಣಿಯ ಮೇಲೆ ಒಂದೇ ಗುಂಡು ಹೋಗಿ ಕೂರಬೇಕು. ಅದಕ್ಕೆ ನಳಿಗೆಯೊಳಗೆ ತಿರುಚು ಗೆರೆಗಳಿರುವ ರೈಫಲ್ಲೇ ಬೇಕು. ಕಡಿಮೆ ದುಡ್ಡಿನಲ್ಲಿ ಹೆಚ್ಚು ನಿಖರತೆ ಬೇಕೆಂದರೆ ಬೋಲ್ಟ್ ಆಕ್ಷನ್ ಬೇಕು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳುವ ಈ ಯಂತ್ರದಲ್ಲಿ ಚಲಿಸುವ ಭಾಗಗಳು ಕಡಿಮೆ, ತಯಾರಿಕೆಯೂ ಅಗ್ಗ. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ತಲೆಯೆತ್ತಿ ಸುತ್ತ ನೋಡಲು ಅದು ಕೊಡುವ ಬಿಡುವನ್ನೂ ನಾನು ಲಾಭವೆಂದೇ ಎಣಿಸುತ್ತೇನೆ.

ಕಾಗದಪತ್ರದ ಕೆಲಸ, ಕೊಪ್ಪದಿಂದ ಬಂದವನಿಗೆ, ನಂಬಲಾರದಷ್ಟು ಚಿಕ್ಕದು. ಐಡಹೊದಲ್ಲಿ ರೈಫಲ್ ಕೊಳ್ಳಲು ರಾಜ್ಯದ ಪರವಾನಗಿ ಬೇಕಿಲ್ಲ. ಅಂಗಡಿಯಲ್ಲಿ ಕೇಂದ್ರ ಸರ್ಕಾರದ 4473 ನಮೂನೆ ತುಂಬಬೇಕು. ಅಂಗಡಿಯವರು ಎಫ್‌ಬಿಐ ನಡೆಸುವ ಹಿನ್ನೆಲೆ ಪರಿಶೀಲನೆಗೆ ವಿವರ ಕಳಿಸುತ್ತಾರೆ. ‘ಮುಂದುವರಿಸಿ’, ‘ತಡೆಯಿರಿ’, ‘ಇಲ್ಲ’ ಎಂಬ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಗ್ರೀನ್ ಕಾರ್ಡ್ ಇದ್ದವರು ಅದರ ಸಂಖ್ಯೆ ಬರೆದರಾಯಿತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ನಿಷಿದ್ಧ. ಆ ನಿಷೇಧಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ನಮ್ಮವರಲ್ಲಿ ಅನೇಕರಿಗೆ ಈ ನಿಷೇಧವೂ ಗೊತ್ತಿಲ್ಲ, ವಿನಾಯಿತಿಯೂ ಗೊತ್ತಿಲ್ಲ. ಗೊತ್ತಿಲ್ಲದೆ ಗೆಳೆಯನ ಕೋವಿಯನ್ನು ಕೈಗೆತ್ತಿಕೊಂಡು ಫೋಟೊ ಹಾಕಿದವರನ್ನೂ ಕಂಡಿದ್ದೇನೆ.

ಅಳಿಲಿಗೂ ಬೇಟೆ ಪರವಾನಗಿ ಬೇಕು. 1975ರ ಜನವರಿ 1ರಂದು ಅಥವಾ ಆ ಬಳಿಕ ಹುಟ್ಟಿದವರು ಅದಕ್ಕಾಗಿ ಬೇಟೆ ಶಿಕ್ಷಣದ ಕೋರ್ಸು ಮುಗಿಸಬೇಕು. ಕೋರ್ಸಿನ ಬಹುಪಾಲು ಗುಂಡು ಹೊಡೆಯದಿರುವುದು ಹೇಗೆ ಎಂಬುದರ ಬಗ್ಗೆಯೇ ಇತ್ತು. ಯಾವ ಅಳಿಲು ಎಂದು ಗುರುತಿಸುವುದನ್ನು ಮಾತ್ರ ನಾನೇ ಬೇರೆಯಾಗಿ ಕಲಿಯಬೇಕಾಯಿತು. ಉತ್ತರ ಐಡಹೊ ನೆಲ ಅಳಿಲು ಎಂಬುದು 2000ದಿಂದ ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿದೆ, ಅದನ್ನು ಮುಟ್ಟುವಂತಿಲ್ಲ. ಅದರ ನೆಲೆ ಇನ್ನೂ ಉತ್ತರಕ್ಕಿದೆ. ನಮ್ಮ ಹೊಲದಲ್ಲಿದ್ದದ್ದು ಪಯೂಟ್ ಅಳಿಲು.

ಅಂಗಡಿಗೆ ಹೋದವರು ಮೊದಲು ರೈಫಲ್ ನೋಡುತ್ತಾರೆ, ಆಮೇಲೆ ಅದು ಯಾವ ತೋಟೆ ನುಂಗುತ್ತದೆ ಎಂದು ಕೇಳುತ್ತಾರೆ. ಲೆಕ್ಕ ತಿರುಗಿಸಿ ಹಾಕಬೇಕು. ರೈಫಲ್ಲಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತೋಟೆಗೆ ಪ್ರತಿ ವಸಂತದಲ್ಲೂ ಕೊಡಬೇಕು. ಅಳಿಲಿನ ಹೊಲದಲ್ಲಿ ಒಂದು ಬೆಳಗಿಗೆ ಖರ್ಚಾಗುವ ತೋಟೆ, ಜಿಂಕೆ ಬೇಟೆಗಾರನೊಬ್ಬನಿಗೆ ಹಲವು ವರ್ಷಕ್ಕೆ ಸಾಕಾಗುತ್ತದೆ.

ಅತ್ಯಂತ ಅಗ್ಗದ ತೋಟೆಯ ಹೆಸರು .22 ಲಾಂಗ್ ರೈಫಲ್ (ಸಂಖ್ಯೆ ಗುಂಡಿನ ಅಗಲದ ಅಂದಾಜು, ಇಂಚಿನಲ್ಲಿ). ನಾನು ವಿಚಾರಿಸಿದ ಹೊತ್ತಿಗೆ ಒಂದು ತೋಟೆಗೆ ಏಳೆಂಟು ಸೆಂಟ್. ಆದರೆ ನಿಧಾನವಾಗಿ ಹೋಗುವ ಮೆದು ಸೀಸದ ಆ ಗುಂಡು ಗಟ್ಟಿ ನೆಲಕ್ಕೆ ತಾಗಿದರೆ ಒಡೆಯದೆ ಚಿಮ್ಮಿ ಎಲ್ಲೋ ಹೋಗುತ್ತದೆ. ಒಂದೂವರೆ ಮೈಲಿಯವರೆಗೆ ಅಪಾಯ ಎಂದು ಡಬ್ಬಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಮುಂದಿನ ಮೆಟ್ಟಿಲು .17 ಎಚ್‌ಎಂಆರ್. 2002ರಲ್ಲಿ ಹಾರ್ನಡಿ ಕಂಪನಿ .22 ಮ್ಯಾಗ್ನಮ್ ತೋಟೆಯ ಕುತ್ತಿಗೆ ಹಿಸುಕಿ ಮಾಡಿದ್ದು. 17 ಗ್ರೇನ್, ಅಂದರೆ ಒಂದು ಗ್ರಾಮಿಗಿಂತ ತುಸು ಹೆಚ್ಚು ತೂಕದ ಚಿಕ್ಕ ಗುಂಡು ಸೆಕೆಂಡಿಗೆ 2,550 ಅಡಿ ವೇಗದಲ್ಲಿ ಹೊರಟು ಏನಕ್ಕೆ ತಾಗಿದರೂ ಪುಡಿಯಾಗುತ್ತದೆ. ಸದ್ದು ಕಡಿಮೆ, ಒದೆತ ಇಲ್ಲವೆನ್ನಬಹುದು, ತೋಟೆಗೆ ಮೂವತ್ತು ಸೆಂಟಿನ ಆಸುಪಾಸು. ಮನಸ್ಸು ಅಲ್ಲೇ ನಿಂತಿತ್ತು.

ಮನಸ್ಸು ಬದಲಿಸಿದ್ದು ಹೊಲದ ಗಾಳಿ. ಕೋವಿ ಕೊಳ್ಳುವ ಮೊದಲೇ ಒಂದು ಮಾರ್ಚ್ ಬೆಳಿಗ್ಗೆ ಯಜಮಾನರ ಜೊತೆ ಹೊಲ ಸುತ್ತಿದೆ. ಪೂರ್ವಕ್ಕೆ ಅವರ ಮನೆ ಮತ್ತು ದನದ ಕೊಟ್ಟಿಗೆ, ಆ ಕಡೆ ಹೊಡೆಯುವಂತಿಲ್ಲ. ಉತ್ತರಕ್ಕೆ ರಸ್ತೆ. ದಕ್ಷಿಣ, ಪಶ್ಚಿಮಕ್ಕೆ ಮಾತ್ರ ನೆಲ ಏರುತ್ತ ಹೋಗಿ ಗುಡ್ಡಕ್ಕೆ ಸೇರುತ್ತದೆ. ಗುಂಡು ತಪ್ಪಿದರೂ ಮಣ್ಣು ಹಿಡಿದುಕೊಳ್ಳುತ್ತದೆ. ಆ ದಿಕ್ಕಿಗೆ ಮುಖ ಮಾಡಿ ಕೂತರೆ ಹತ್ತಿರದ ಬಿಲ ನೂರು ಗಜ, ದಟ್ಟವಾಗಿರುವ ಭಾಗ ಇನ್ನೂರರಿಂದ ಮುಂದಕ್ಕೆ. ಗಾಳಿ ಬೆಳಗಿನ ಒಂಬತ್ತಕ್ಕೆ ಎದ್ದು ಅಡ್ಡಡ್ಡ ಬೀಸುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಯಲ್ಲಿ ಇನ್ನೂರು ಗಜಕ್ಕೆ .17ರ ಗುಂಡು ಹದಿನೈದು ಇಂಚಿಗೂ ಹೆಚ್ಚು ಸರಿಯುತ್ತದೆ. ಅದೇ ಗಾಳಿಯಲ್ಲಿ .223 ರೆಮಿಂಗ್ಟನ್ನಿನ 55 ಗ್ರೇನ್ ಗುಂಡು ಸರಿಯುವುದು ಸುಮಾರು ಐದು ಇಂಚು. ಎರಡು ಇಂಚಿನ ಅಳಿಲಿಗೆ ಹದಿನೈದು ಇಂಚು ಅಂದಾಜು ಹಾಕಿ ಹೊಡೆಯುವುದೆಂದರೆ ಜೂಜು. ಮೈಗೆ ತಾಗಿಯೂ ಸಾಯದೆ ಬಿಲಕ್ಕೆ ತೆವಳಿ ಹೋಗುವ ಪ್ರಾಣಿ ಆ ಜೂಜಿನ ಸಾಲ. ಜೊತೆಗೆ ಕರು ಹಾಕುವ ಕಾಲದಲ್ಲಿ ಕೊಯೊಟಿ, ಅಂದರೆ ಇಲ್ಲಿನ ಚಿಕ್ಕ ತೋಳ, ಕೊಟ್ಟಿಗೆಯ ಸುತ್ತ ಸುಳಿಯುತ್ತದೆಂದು ಯಜಮಾನರು ಹೇಳಿದರು. ಅದಕ್ಕೆ .17 ಬಹಳ ಹಗುರ.

ಹೀಗೆ .223 ತೀರ್ಮಾನವಾಯಿತು. ಅದಕ್ಕಿಂತ ವೇಗದವೂ ಇವೆ. .22-250 ಅದೇ ತೂಕದ ಗುಂಡನ್ನು ಸೆಕೆಂಡಿಗೆ 3,600 ಅಡಿ ದಾಟಿಸುತ್ತದೆ, 2004ರ .204 ರೂಗರ್ 32 ಗ್ರೇನ್ ಗುಂಡನ್ನು 4,200 ದಾಟಿಸುತ್ತದೆ. ಕಾಗದದ ಮೇಲೆ ಎರಡೂ ಸುಂದರ. ಆದರೆ ಅಂಗಡಿಯ ಕಪಾಟಿನಲ್ಲಿ .223ರ ಡಬ್ಬಿಗಳು ಸಾಲುಸಾಲಾಗಿದ್ದರೆ ಅವುಗಳದು ಎರಡೋ ಮೂರೋ. ಬೆಲೆಯೂ ಹೆಚ್ಚು.

ಆದರೂ ಒಂದು .22-250 ನನ್ನನ್ನು ಹತ್ತಿರ ಹತ್ತಿರ ಬುಟ್ಟಿಗೆ ಹಾಕಿಕೊಂಡಿತ್ತು. ಪಕ್ಕದ ಊರಿನ ಗಿರವಿ ಅಂಗಡಿಯಲ್ಲಿ ದಪ್ಪ ನಳಿಗೆಯ ರೆಮಿಂಗ್ಟನ್ 700, ಹೊಸದರ ಅರ್ಧ ಬೆಲೆಗೆ. ಹಿಡಿಗೆ ಒಂದು ಗೀರೂ ಇಲ್ಲ. ಜಿಂಕೆ ಬೇಟೆಯ ಹಳೆಯ ರೈಫಲ್ಲಿಗೆ ಹೊರಗೆ ಗೀರು, ಒಳಗೆ ಹೊಸತನ. ಅಳಿಲು ಹೊಡೆದ ರೈಫಲ್ಲಿಗೆ ಇದರ ತದ್ವಿರುದ್ಧ. ಬೆಂಚಿನ ಮೇಲೆ ಮೆತ್ತನೆಯ ಚೀಲದಲ್ಲಿ ಕೂತು ಸಾವಿರಾರು ಗುಂಡು ಹಾರಿಸಿರುತ್ತದೆ. .22-250 ಒಂದು ಗುಂಡಿಗೆ ಸುಡುವ ಮದ್ದು 35 ಗ್ರೇನಿನ ಆಸುಪಾಸು, .223 ಸುಡುವುದು 25. ಅಷ್ಟೇ ಕಿರಿದಾದ ನಳಿಗೆಯಲ್ಲಿ ಅಷ್ಟು ಹೆಚ್ಚು ಬೆಂಕಿ ಹಾಯ್ದರೆ ಗುಂಡು ಗೆರೆಗಳನ್ನು ಮೊದಲು ಕಚ್ಚುವ ಜಾಗ ಸವೆಯುತ್ತದೆ. ನಾನು ಕೇಳಿದೆನೆಂದು ಅಂಗಡಿಯಾತ ಸಣ್ಣ ಕ್ಯಾಮೆರಾ ಒಳಗಿಳಿಸಿ ತೋರಿಸಿದ. ತೋಟೆ ಕೂರುವ ಜಾಗದಿಂದ ಮುಂದಕ್ಕೆ ಉಕ್ಕೆಲ್ಲ ಬೇಸಿಗೆಯ ಕೆರೆ ತಳದಂತೆ ಸೀಳುಬಿಟ್ಟಿತ್ತು. ಹೊಸ ನಳಿಗೆ ಹಾಕಿಸುವ ಖರ್ಚು ಸೇರಿಸಿದರೆ ಅಗ್ಗದ ಮಾತೇ ಉಳಿಯುವುದಿಲ್ಲ. ಆತನೇ ನಕ್ಕು “ಗೋಡೆಗೆ ನೇತುಹಾಕಲು ಚೆನ್ನಾಗಿರುತ್ತದೆ” ಎಂದ.

ಹೊಸ ರೈಫಲ್ಲುಗಳ ಪೈಕಿ ನನ್ನ ಕೈಗೆಟುಕುವವು ಕೆಲವೇ. ಸ್ಯಾವೇಜ್ ಆಕ್ಸಿಸ್ ಆಗ ಎಲ್ಲಕ್ಕಿಂತ ಅಗ್ಗ, ಸ್ಕೋಪ್ (ಗುರಿ ನೋಡುವ ದುರ್ಬೀನು) ಸಮೇತ ನಾನ್ನೂರು ಡಾಲರಿನ ಸುತ್ತ ಇತ್ತು. ಗುರಿಯಲ್ಲಿ ಅದಕ್ಕೆ ಕೆಟ್ಟ ಹೆಸರಿಲ್ಲ. ಆದರೆ ಸಾದಾ ಆಕ್ಸಿಸ್ಸಿನ ಟ್ರಿಗರ್ ಬಿಗಿ. ಎಳೆಯುವಷ್ಟರಲ್ಲಿ ಗುರಿ ಅಲುಗುತ್ತದೆ. ಆಕ್ಸಿಸ್ 2ರಲ್ಲಿ ಕಂಪನಿಯ ಹೆಸರಾಂತ ಅಕ್ಯುಟ್ರಿಗರ್ ಇದೆ. ನಡುವೆ ತೆಳ್ಳಗಿನ ಅಲಗಿನಂಥ ಒಂದು ಪಟ್ಟಿ, ಅದನ್ನು ಒತ್ತದೆ ಗುಂಡು ಹಾರದು, ಎಳೆತದ ಭಾರವನ್ನು ನಾವೇ ಹೊಂದಿಸಿಕೊಳ್ಳಬಹುದು. ಈ ಶತಮಾನದ ಆರಂಭದಲ್ಲಿ ಸ್ಯಾವೇಜ್ ಅದನ್ನು ತಂದ ಮೇಲೆ ಉಳಿದ ಕಂಪನಿಗಳೂ ಅಗ್ಗದ ರೈಫಲ್ಲಿನ ಟ್ರಿಗರ್ ಸರಿಪಡಿಸಬೇಕಾಯಿತು. ಅಗ್ಗದ ರೈಫಲ್ ಕೊಳ್ಳುವ ಎಲ್ಲರೂ ಸ್ಯಾವೇಜಿಗೆ ಒಂದು ನಮಸ್ಕಾರ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಮಾಸ್‌ಬರ್ಗ್ ಪೇಟ್ರಿಯಟ್ ಕೈಗೆ ಹಿತವಾಗಿತ್ತು, ನಳಿಗೆ ಮಾತ್ರ ತೆಳು. ಜಪಾನಿನ ಹೋವಾ 1500 ಗಟ್ಟಿಮುಟ್ಟು, ಭಾರ. ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್‌ನ ಬೋಲ್ಟ್ ಎಳೆದು ನೋಡಿದ ಮೇಲೆ ಉಳಿದೆಲ್ಲವೂ ಒರಟೆನಿಸಿತು. ಬೆಲೆ ನನ್ನ ಅಂದಾಜಿನ ಎರಡು ಪಟ್ಟು ಹತ್ತಿರ ಇದ್ದುದರಿಂದ ಅದನ್ನು ಮೆಲ್ಲನೆ ಮರಳಿಸಿದೆ.

ನಳಿಗೆಯ ದಪ್ಪದ ಮೇಲೆ ನಾನು ಪಟ್ಟು ಹಿಡಿದದ್ದಕ್ಕೆ ಕಾರಣವಿದೆ. ಜಿಂಕೆಗೆ ಒಂದು, ತಪ್ಪಿದರೆ ಎರಡು ಗುಂಡು. ಹೊಲದಲ್ಲಿ ಒಂದರ ಹಿಂದೆ ಒಂದು ಹತ್ತಿಪ್ಪತ್ತು. ತೆಳು ನಳಿಗೆ ಬೇಗ ಕಾಯುತ್ತದೆ, ಕಾದಂತೆಲ್ಲ ಗುಂಡು ಬೀಳುವ ಜಾಗ ಸರಿಯುತ್ತ ಹೋಗುತ್ತದೆ. ತೀರಾ ದಪ್ಪದ್ದು ಕೊಂಡರೆ ಹೊತ್ತು ನಡೆಯುವುದು ಕಷ್ಟ. ಇವೆರಡರ ನಡುವಿನದು ರೂಗರ್ ಅಮೆರಿಕನ್ ಪ್ರೆಡೇಟರ್. 22 ಇಂಚಿನ, ಸಾಧಾರಣ ದಪ್ಪದ ನಳಿಗೆ. .223ರಲ್ಲಿ ಅದರ ಗೆರೆಗಳು ಎಂಟು ಇಂಚಿಗೆ ಒಂದು ಪೂರ್ಣ ಸುತ್ತು ತಿರುಗುತ್ತವೆ. ಹನ್ನೆರಡು ಇಂಚಿಗೆ ಒಂದು ಸುತ್ತಿನ ಹಳೆಯ ನಳಿಗೆಗಳು ಗಿಡ್ಡ, ಹಗುರ ಗುಂಡನ್ನಷ್ಟೇ ನೆಟ್ಟಗೆ ಕಳಿಸಬಲ್ಲವು. ಎಂಟಾದರೆ ಉದ್ದದ ಗುಂಡಿಗೂ ಸಾಕಷ್ಟು ತಿರುಗುವಿಕೆ ಸಿಗುತ್ತದೆ. ಈ ಅಂಶ ನನಗೆ ಮುಂದೆ ಅನಿರೀಕ್ಷಿತವಾಗಿ ಉಪಕಾರಕ್ಕೆ ಬಂತು.

2023ರ ಡಿಸೆಂಬರಿನಲ್ಲಿ ರೂಗರ್ ಇದರ ಎರಡನೇ ಪೀಳಿಗೆಯನ್ನು ಪ್ರಕಟಿಸಿತು. ಬಳಿದ ಬಣ್ಣ ಬೇರೆ, ನಳಿಗೆಯ ಮೇಲೆ ಸುರುಳಿ ಕೆತ್ತನೆ, ಸುರಕ್ಷಾ ಗುಂಡಿಗೆ ಎರಡರ ಬದಲು ಮೂರು ಸ್ಥಾನ. ಅಳಿಲಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. ಅಂಗಡಿಗಳು ಮಾತ್ರ ಹಳೆಯ ಪೀಳಿಗೆಯ ದಾಸ್ತಾನು ಖಾಲಿ ಮಾಡಲು ಬೆಲೆ ಇಳಿಸಿದವು. ಶೇಕಡಾ 6ರ ರಾಜ್ಯ ತೆರಿಗೆಯೂ ಸೇರಿ ಐನೂರು ಡಾಲರಿನ ಒಳಗೆ, ಹಸಿರು ಪ್ಲಾಸ್ಟಿಕ್ ಹಿಡಿಯ, ನೋಡಲು ಯಾವ ಅಂದವೂ ಇಲ್ಲದ ಒಂದು ಪ್ರೆಡೇಟರ್ ನನ್ನದಾಯಿತು. ನಮೂನೆ ತುಂಬಿ, ಉತ್ತರ ಬಂದು, ರಟ್ಟಿನ ಪೆಟ್ಟಿಗೆ ಕಾರಿಗೆ ಇಡುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತೂ ಮೀರಿರಲಿಲ್ಲ. ಫೋನಿನಲ್ಲಿ ಹೇಳಿದಾಗ ಅಪ್ಪಯ್ಯ ಕೇಳಿದ್ದು ಒಂದೇ: “ಎಲೆಕ್ಷನ್ನಿಗೆ ಅದನ್ನು ಎಲ್ಲಿ ಇಡಬೇಕು?” ಇಲ್ಲಿ ಹಾಗೆ ಒಪ್ಪಿಸುವ ಪದ್ಧತಿಯೇ ಇಲ್ಲವೆಂದರೆ ಅವರಿಗೆ ನಂಬಿಕೆಯಾಗಲಿಲ್ಲ.

ದುಡ್ಡಿನ ಲೆಕ್ಕದಲ್ಲಿ ರೈಫಲ್ ಅರ್ಧದಾರಿ. ನಾಲ್ಕರಿಂದ ಹದಿನಾರು ಪಟ್ಟು ಹಿಗ್ಗಿಸುವ ಸ್ಕೋಪಿಗೆ ಇನ್ನೂರೈವತ್ತು. ಅದರ ಪಕ್ಕದಲ್ಲಿ ದೂರಕ್ಕೆ ತಕ್ಕಂತೆ ಪ್ಯಾರಲಾಕ್ಸ್ ಸರಿಪಡಿಸುವ ತಿರುಗಣೆ ಇರಲೇಬೇಕೆಂದು ನೋಡಿ ಕೊಂಡೆ. ಇಲ್ಲದಿದ್ದರೆ ಕಣ್ಣು ಚೂರು ಆಚೀಚೆಯಾದರೂ ಅಡ್ಡಗೆರೆ ಗುರಿಯ ಮೇಲೆ ತೇಲುತ್ತದೆ. ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ಬಳೆ, ಮರಳು ಚೀಲ, ಕಿವಿ ಮುಚ್ಚುವ ಸಾಧನ ಸೇರಿ ಇನ್ನೊಂದು ನೂರು. ಹದಿನಾರಕ್ಕಿಂತ ಹೆಚ್ಚು ಹಿಗ್ಗಿಸುವ ಸ್ಕೋಪ್ ಬೇಡವೆಂದು ಹೇಳಿದವರು ಹೊಲದ ಯಜಮಾನರೇ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಅಳಿಲು ನೀರಿನೊಳಗಿದ್ದಂತೆ ನಡುಗುತ್ತದೆ. ಹೆಚ್ಚು ಹಿಗ್ಗಿಸಿದಷ್ಟೂ ನಡುಕವೇ ಹಿಗ್ಗುತ್ತದೆ.

ಉಳಿದದ್ದು ಗುಂಡಿನ ಆಯ್ಕೆ. ಇಡೀ ಪ್ರಕ್ರಿಯೆಯಲ್ಲಿ ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಇಲ್ಲಿ. ಆ ಹೊಲದಿಂದ ನದಿ ದಾಟಿದರೆ ಬೇಟೆಹಕ್ಕಿಗಳಿಗೆಂದೇ 1993ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಕಾದಿಟ್ಟ ಪ್ರದೇಶ. ಮಾರ್ಲಿ ನೆಲ್ಸನ್ ಎಂಬ ಗಿಡುಗ ಸಾಕಣೆಗಾರರ ಹೆಸರು ಈಗ ಅದಕ್ಕಿದೆ. ಸುಮಾರು ಎರಡು ಸಾವಿರ ಚದರ ಕಿಲೋಮೀಟರ್ ವಿಸ್ತಾರ. ಸ್ನೇಕ್ ನದಿ ಕೊರೆದ ಕಲ್ಲಿನ ಗೋಡೆಗಳಲ್ಲಿ ಗೂಡು, ಮೇಲಿನ ಬಯಲಿನಲ್ಲಿ ಊಟ. ಉತ್ತರ ಅಮೆರಿಕದಲ್ಲಿ ಬೇಟೆಹಕ್ಕಿಗಳು ಇಷ್ಟು ದಟ್ಟವಾಗಿ ಗೂಡು ಕಟ್ಟುವ ಜಾಗ ಇನ್ನೊಂದಿಲ್ಲ. ಅಲ್ಲಿನ ಪ್ರೇರಿ ಚಾಣ ಮರಿಗಳಿಗೆ ತಂದು ಉಣಿಸುವುದು ಮುಖ್ಯವಾಗಿ ಇದೇ ಪಯೂಟ್ ಅಳಿಲನ್ನು. ಹೊಲದವರಿಗೆ ಪೀಡೆಯಾದದ್ದು ಕಣಿವೆಯವರಿಗೆ ಅನ್ನ.

ಹೊಡೆದ ಅಳಿಲನ್ನು ಯಾರೂ ಹೆಕ್ಕಿಕೊಂಡು ಹೋಗುವುದಿಲ್ಲ. ಬೇಟೆಗಾರ ಕಾರು ಹತ್ತುವ ಮೊದಲೇ ಕಾಡುಕಾಗೆ, ಗಿಡುಗ, ಹದ್ದುಗಳು ಇಳಿಯುತ್ತವೆ. ಇಂಥ ವೇಗದ ಗುಂಡಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದು ಸೀಸ. ಅದು ಪುಡಿಯಾಗುವಂತೆಯೇ ಮಾಡಿರುವುದರಿಂದ ಸಾಸಿವೆಗಿಂತ ಸಣ್ಣ ಚೂರುಗಳು ಮಾಂಸದ ತುಂಬ ಹರಡುತ್ತವೆ. ಹಕ್ಕಿಯ ಹೊಟ್ಟೆಯ ಆಮ್ಲ ಅದನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾಂಡೋರ್ ರಣಹದ್ದುಗಳನ್ನು ಕೊಂದ ಕಾರಣಗಳಲ್ಲಿ ಇದು ದೊಡ್ಡದು. ಅಲ್ಲಿ 2019ರ ಜುಲೈಯಿಂದ ಎಲ್ಲ ಬೇಟೆಗೂ ಸೀಸದ ಗುಂಡು ನಿಷಿದ್ಧ. ರಾಮನಗರದ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳ ಬಗ್ಗೆ ಓದಿದವರಿಗೆ ಈ ದಾರಿ ಹೊಸದೇನಲ್ಲ. ನಮ್ಮಲ್ಲಿ ದನಕ್ಕೆ ಕೊಟ್ಟ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಹೆಣದ ಮೂಲಕ ರಣಹದ್ದಿಗೆ ಹೋಯಿತು, ಇಲ್ಲಿ ಸೀಸ ಹೋಗುತ್ತದೆ. ಐಡಹೊದಲ್ಲಿ ಅಂಥ ನಿಷೇಧವಿಲ್ಲ. ಬೇಟೆಯವರೊಡನೆ ಈ ವಿಷಯ ಎತ್ತಿದರೆ ಕೆಲವರು ಕೋವಿ ಕಸಿಯಲು ಬಂದವನಂತೆ ನೋಡುತ್ತಾರೆ. ನಾನು ಕಸಿಯಲು ಬಂದವನಲ್ಲ, ದುಡ್ಡು ಕೊಟ್ಟು ಕೊಂಡವನು. ಪೀಡೆಯೆಂದು ಅಳಿಲನ್ನು ಕೊಂದು ಅದೇ ಕೈಯಿಂದ ಹದ್ದಿಗೆ ವಿಷವಿಡುವುದು ನನಗೆ ಸರಿಕಾಣಲಿಲ್ಲ, ಅಷ್ಟೇ. ವಿಷದ ಕಾಳು ಬೇಡವೆಂದ ಯಜಮಾನರಿಗೂ ಈ ಮಾತು ತಕ್ಷಣ ಅರ್ಥವಾಯಿತು.

ಸೀಸವಿಲ್ಲದ ವೇಗದ ಗುಂಡುಗಳು ಸಿಗುತ್ತವೆ. ಬಾರ್ನ್ಸ್ ಕಂಪನಿಯದು ತಾಮ್ರ ಮತ್ತು ತವರದ ಪುಡಿಯನ್ನು ಒತ್ತಿ ಮಾಡಿದ್ದು, ಅದೂ ತಾಗಿದೊಡನೆ ಪುಡಿಯಾಗುತ್ತದೆ. ಸೀಸಕ್ಕಿಂತ ಹಗುರ ಲೋಹವಾದ್ದರಿಂದ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಎಂಟು ಇಂಚಿನ ತಿರುಚು ಕೈಹಿಡಿದದ್ದು ಇಲ್ಲಿ. ಬೆಲೆ ತೋಟೆಗೆ ಒಂದು ಡಾಲರಿಗೂ ಮೇಲೆ. ಆ ಖರ್ಚು ಕಂಡ ಮೇಲೆ ಒಂದು ಬೆಳಗಿಗೆ ಹಾರಿಸುವ ಗುಂಡು ತಾನಾಗಿ ಕಡಿಮೆಯಾಯಿತು. ಸಂಶಯವಿದ್ದರೆ ಟ್ರಿಗರಿನಿಂದ ಬೆರಳು ತೆಗೆಯುವ ಅಭ್ಯಾಸವೂ ಬಂತು.

ಗುರಿ ಕೂರಿಸಲು ಊರ ಹೊರಗಿನ ಸಾರ್ವಜನಿಕ ರೇಂಜಿಗೆ ಹೋದೆ. ಬೋಲ್ಟ್ ಆಕ್ಷನ್ನಿನ ಒಂದು ಸುಖ ಅಲ್ಲಿ ತಿಳಿಯಿತು. ಬೋಲ್ಟನ್ನು ಪೂರ್ತಿ ಹೊರಗೆಳೆದು, ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟು ಗುರಿಯ ಚುಕ್ಕೆಯನ್ನು ನಡುವಿಗೆ ತಂದು, ರೈಫಲ್ ಅಲುಗಿಸದೆ ಸ್ಕೋಪಿನ ಗೆರೆಯನ್ನೂ ಅದೇ ಚುಕ್ಕೆಗೆ ತಿರುಗಿಸಿದರೆ ಮೊದಲ ಗುಂಡೇ ಕಾಗದದ ಮೇಲೆ ಬೀಳುತ್ತದೆ. ಇಪ್ಪತ್ತೈದು ಗಜದಲ್ಲಿ ಹೀಗೆ ಮಾಡಿ ನೂರಕ್ಕೆ ಹೋದೆ. ಅಭ್ಯಾಸಕ್ಕೆಂದು ತಂದ ಅಗ್ಗದ, ತಾಮ್ರದ ಹೊದಿಕೆಯ ಸೀಸದ ಗುಂಡುಗಳು ಎರಡು ಇಂಚಿಗೂ ಮೀರಿ ಚದುರಿದವು. ಬಾರ್ನ್ಸಿನ ಐದು ಗುಂಡು ಒಂದು ಇಂಚಿನೊಳಗೆ ಕೂತವು. ಅದೇ ನಳಿಗೆ, ಅದೇ ಭುಜ. ಅಗ್ಗದ ರೈಫಲ್ ಗುರಿ ತಪ್ಪಿಸುತ್ತದೆ ಎಂದು ಬೈಯುವವರು ಮೊದಲು ತೋಟೆಯ ಡಬ್ಬಿ ಬದಲಿಸಿ ನೋಡುವುದು ಒಳ್ಳೆಯದು. ಕೊನೆಗೆ ಇನ್ನೂರು ಗಜಕ್ಕೆ ಗುರಿ ನಿಲ್ಲಿಸಿದೆ. ಅದರೊಳಗಿನ ದೂರಕ್ಕೆ ಒಂದೆರಡು ಇಂಚು ಕೆಳಗೆ ಹಿಡಿದರೆ ಸಾಕು.

ಹೊಲದಲ್ಲಿ ರೈಫಲ್ ಹೇಳಿದ ಕೆಲಸ ಮಾಡಿತು. ಹಸಿರು ಪ್ಲಾಸ್ಟಿಕ್ ಹಿಡಿ ಮುಂದಿನ ಭಾಗದಲ್ಲಿ ಬಾಗುತ್ತದೆ, ಒತ್ತಿ ಹಿಡಿದರೆ ನಳಿಗೆಗೆ ತಾಗುತ್ತದೆ. ಮರಳು ಚೀಲವನ್ನು ಹಿಂದಕ್ಕೆ, ತೋಟೆ ತುಂಬುವ ಡಬ್ಬಿಯ ಹತ್ತಿರ ಸರಿಸಿದ ಮೇಲೆ ಆ ತೊಂದರೆ ಹೋಯಿತು. ಬೋಲ್ಟ್ ಮೊದಮೊದಲು ಮರಳು ತುಂಬಿದ ಬಾಗಿಲಿನ ಸದ್ದು ಮಾಡುತ್ತಿತ್ತು, ಈಗ ಸವೆದು ಹದಕ್ಕೆ ಬಂದಿದೆ. ಒಂಬತ್ತಕ್ಕೆ ಗಾಳಿ ಎದ್ದರೆ ಇನ್ನೂರೈವತ್ತರಾಚೆ ಹೊಡೆಯುವುದನ್ನು ನಿಲ್ಲಿಸುತ್ತೇನೆ. ಏಪ್ರಿಲಿನಲ್ಲಿ ಉದ್ದ ಕೊಕ್ಕಿನ ಕರ್ಲ್ಯೂ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಡುವುದರಿಂದ ಆಗ ದುರ್ಬೀನಿನಲ್ಲಿ ಒಮ್ಮೆ ಸುತ್ತ ನೋಡದೆ ತೋಟೆ ತುಂಬುವುದಿಲ್ಲ.

ಕಳೆದ ವಸಂತದಲ್ಲಿ ತೀರ್ಥಹಳ್ಳಿಯ ಗೆಳೆಯನೊಬ್ಬ ಬೇಟೆ ಪರವಾನಗಿ ಮಾಡಿಸಿಕೊಂಡು ಬಂದ. ನನ್ನದನ್ನೇ ನೋಡಿ ಇಂಥದೇ ಕೊಳ್ಳುತ್ತೇನೆ ಎಂದ. ಎಲ್ಲಿ ಹೊಡೆಯುತ್ತೀಯ ಎಂದು ಕೇಳಿದೆ. ಕ್ಯೂನಾ ಊರಿನ ಆಚೆ ಪರಿಚಯದವರ ಚಿಕ್ಕ ಹಿಡುವಳಿ, ಅತಿ ದೂರವೆಂದರೆ ನೂರು ಗಜ, ಸುತ್ತ ಎತ್ತರದ ಮಣ್ಣಿನ ಏರಿ, ಪಕ್ಕದವರಿಗೆ ಕುದುರೆಗಳಿವೆ. ಕುದುರೆಗಳಿರುವ ಕಡೆ .223ರ ಸದ್ದು ಬೇಡವೆಂದು ಹೇಳಿ, ಅವನಿಗೆ .17 ಎಚ್‌ಎಂಆರ್‌ನ ಸ್ಯಾವೇಜ್ ಒಂದನ್ನು ಕೊಡಿಸಿದೆ. ಅದಕ್ಕೂ ಸೀಸವಿಲ್ಲದ ಗುಂಡು ಬರುತ್ತದೆ. ಸ್ಕೋಪ್ ಮಾತ್ರ ಅವನು ನನ್ನ ಮಾತು ಕೇಳದೆ ಇಪ್ಪತ್ತನಾಲ್ಕು ಪಟ್ಟಿನದು ತೆಗೆದುಕೊಂಡಿದ್ದಾನೆ.